ನೇರ ಪ್ರಸಾರದ ನಗು

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1975ರ ಅಕ್ಟೋಬರ್ 11ರಂದು ಶುರುವಾದ ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮ ಐವತ್ತು ವರ್ಷ ದಾಟಿದೆ. ಅದನ್ನು ಬಹುಕಾಲದಿಂದ ನೋಡುತ್ತ ಬಂದವರ ಬಾಯಲ್ಲಿ ‘ಮೊದಲಿನ ಹಾಗಿಲ್ಲ ಬಿಡಿ’ ಎಂಬ ಮಾತು ಸದಾ ಇರುತ್ತದೆ. ಈ ಮಾತನ್ನು 1976ರಲ್ಲೇ ಯಾರಾದರೂ ಆಡಿದ್ದರೆ ಆಶ್ಚರ್ಯವಿಲ್ಲ. ಹದಿಹರೆಯದಲ್ಲಿ ನೋಡಿದ ನಟರೇ ಅವರವರಿಗೆ ದೊಡ್ಡವರು. ನಮ್ಮ ತಕರಾರು ಬೇರೆ. ಹೆಸರಿನ ತುದಿಯಲ್ಲಿರುವ ‘ಲೈವ್’ ಎಂಬ ಪದಕ್ಕೆ ಆ ಕಾರ್ಯಕ್ರಮ ಎಷ್ಟು ನಿಷ್ಠವಾಗಿದೆ ಎಂಬುದು ನಮ್ಮ ಪ್ರಶ್ನೆ.

ಅದನ್ನು ಕಟ್ಟುವ ಬಗೆ ಬಲ್ಲವರಿಗೆ ಈ ಪದದ ತೂಕ ಗೊತ್ತು. ಸೋಮವಾರ ಆ ವಾರದ ಅತಿಥಿಯೊಡನೆ ಬರಹಗಾರರ ಮಾತುಕತೆ. ಮಂಗಳವಾರ ರಾತ್ರಿಯಿಡೀ ಬರವಣಿಗೆ. ಬುಧವಾರ ಮೇಜಿನ ಸುತ್ತ ಕೂತು ನಲವತ್ತರ ಆಸುಪಾಸು ಕಿರುಪ್ರಹಸನಗಳನ್ನು ಓದುತ್ತಾರೆ. ಅವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಉಳಿದವಕ್ಕೆ ಎರಡು ದಿನದಲ್ಲಿ ರಂಗಸಜ್ಜು, ವೇಷ, ತಾಲೀಮು. ಶನಿವಾರ ರಾತ್ರಿ ಎಂಟಕ್ಕೆ ಪ್ರೇಕ್ಷಕರೆದುರೇ ಪೂರ್ತಿ ಪ್ರಯೋಗ. ಅಲ್ಲಿ ನಗು ಬಾರದ್ದನ್ನು ಸ್ಥಾಪಕ ಲೋರ್ನ್ ಮೈಕೇಲ್ಸ್ ಕಿತ್ತುಹಾಕುತ್ತಾರೆ. ಹನ್ನೊಂದೂವರೆಗೆ ಹೊಸ ಪ್ರೇಕ್ಷಕರು, ನೇರ ಪ್ರಸಾರ. ಕೊನೆಯ ಗಳಿಗೆಯವರೆಗೂ ಮಾತುಗಳು ಬದಲಾಗುವುದರಿಂದ ನಟರಿಗೆ ಬಾಯಿಪಾಠ ಮಾಡಲು ವೇಳೆಯಿಲ್ಲ. ಕ್ಯಾಮೆರಾದ ಪಕ್ಕ ಹಿಡಿದ, ಕೈಯಲ್ಲಿ ಬರೆದ ದೊಡ್ಡ ರಟ್ಟುಗಳನ್ನು ನೋಡಿ ನಟಿಸುತ್ತಾರೆ. ಎದುರಿಗಿದ್ದವರ ಮುಖ ಬಿಟ್ಟು ಅವರ ಕಣ್ಣು ಎತ್ತಲೋ ಜಾರುವುದನ್ನು ಆಡಿಕೊಳ್ಳುವವರಿದ್ದಾರೆ. ನಮಗೆ ಅದೇ ಇಷ್ಟ. ಅರ್ಧ ಗಂಟೆಯ ಹಿಂದೆ ತಿದ್ದಿದ ಸಾಲು ಹಸಿಹಸಿಯಾಗಿ ಬಂದದ್ದರ ಗುರುತು ಅದು.

ಉರ್ದು ಮುಶಾಯಿರಗಳಲ್ಲಿ ಕೂತವರಿಗೆ ಈ ರುಚಿಯ ಪರಿಚಯವಿದೆ. ಶೇರ್ ನಾಟಿದರೆ ಸಭೆ ‘ವಾಹ್’ ಎನ್ನುತ್ತದೆ. ನಾಟದಿದ್ದರೆ ಆ ಮೌನವನ್ನು ಶಾಯಿರ್ ಎಲ್ಲರೆದುರು ನುಂಗಿಕೊಳ್ಳಬೇಕು. ನಮ್ಮ ಕನ್ನಡ ವಾಹಿನಿಗಳ ಹಾಸ್ಯದಲ್ಲಿ ಆ ಮೌನಕ್ಕೆ ಜಾಗವೇ ಇಲ್ಲ. ನಗು ಬಾರದ ಕಡೆ ಸಂಕಲನಕಾರ ನಗುವನ್ನು ತಂದು ಅಂಟಿಸುತ್ತಾನೆ. ಅದಿರಲಿ.

2004ರ ಮೇ ತಿಂಗಳ ಒಂದು ಪ್ರಹಸನವಿದೆ. ಡಿಸ್ನಿ ವರ್ಲ್ಡ್‌ನಲ್ಲಿ ತಿಂಡಿಗೆ ಕೂತ ಕುಟುಂಬದ ನಡುವೆ, ಯಾರು ಏನೇ ಖುಷಿಯ ಮಾತಾಡಿದರೂ ರೋಗವನ್ನೋ ದುರಂತವನ್ನೋ ನೆನಪಿಸಿ ಎಲ್ಲರ ಬಾಯಿ ಕಟ್ಟುವ ಹೆಂಗಸಾಗಿ ರೇಚಲ್ ಡ್ರ್ಯಾಚ್ ಬರುತ್ತಾರೆ. ಸ್ವಲ್ಪ ಹೊತ್ತಿಗೆ ಅವರಿಗೇ ನಗು ತಡೆಯದಾಗುತ್ತದೆ, ಬಳಿಕ ಮೇಜಿನ ಸುತ್ತ ಇದ್ದವರಿಗೆಲ್ಲ. ಪ್ರಹಸನ ಕುಸಿದುಬಿತ್ತು, ಕುಸಿದದ್ದರಿಂದಲೇ ನೆನಪಿನಲ್ಲಿ ನಿಂತಿತು. ಆದರೆ ಈಗೀಗ ನಟರು ನಗು ತಡೆಯಲಾರದೆ ಹೋಗುವುದೇ ಒಂದು ಸರಕಾಗಿದೆ ಎಂಬ ಗುಮಾನಿ ನಮಗಿದೆ. ಅದಕ್ಕೆ ಕಾರಣವೂ ಇದೆ. ಭಾರತದಲ್ಲಿ ಕೂತ ನಮ್ಮಂಥವರಿಗೆ ನ್ಯೂಯಾರ್ಕಿನ ಶನಿವಾರ ರಾತ್ರಿಯೆಂದರೆ ಭಾನುವಾರ ಬೆಳಗ್ಗೆ ಯೂಟ್ಯೂಬಿನಲ್ಲಿ ಸಿಗುವ ನಾಲ್ಕೈದು ನಿಮಿಷದ ತುಂಡುಗಳು. ಅಮೆರಿಕದಲ್ಲೂ ಬಹಳ ಮಂದಿ ಹಾಗೆಯೇ ನೋಡುತ್ತಾರೆ. ಹೀಗೆ ತುಂಡಾಗಿ ಹಂಚಬಲ್ಲದ್ದನ್ನೇ ಬರೆಯುವ ಆಸೆ ಬರಹಗಾರರಿಗೆ ಹುಟ್ಟದೆ ಇರುತ್ತದೆಯೆ? ರಾತ್ರಿ ಒಂದು ಗಂಟೆಗೆ ಹತ್ತು ನಿಮಿಷ ಇರುವಾಗ, ಅರ್ಧ ಊರು ಮಲಗಿದ ಮೇಲೆ ಬರುವ ವಿಚಿತ್ರ ಪ್ರಹಸನಗಳು ಮಾತ್ರ ಇನ್ನೂ ತಮ್ಮ ಪಾಡಿಗೆ ತಾವಿವೆ.

ಇದೆಲ್ಲ ಸಣ್ಣ ಲೈವ್. ದೊಡ್ಡ ಲೈವ್ 1992ರ ಅಕ್ಟೋಬರ್ 3ರಂದು ನಡೆಯಿತು. ಐರ್ಲೆಂಡಿನ ಗಾಯಕಿ ಸಿನೇಡ್ ಓಕಾನರ್ ಅಂದಿನ ಸಂಗೀತ ಅತಿಥಿ. ಬಾಬ್ ಮಾರ್ಲೆಯ ‘ವಾರ್’ ಎಂಬ ಹಾಡನ್ನು, ಮಕ್ಕಳ ಮೇಲಿನ ದೌರ್ಜನ್ಯದ ಮಾತು ಸೇರಿಸಿ, ವಾದ್ಯಗಳಿಲ್ಲದೆ ಹಾಡಿದರು. ಸಂಜೆಯ ತಾಲೀಮಿನಲ್ಲಿ ಹಾಡಿನ ಕೊನೆಗೆ ಒಂದು ಮಗುವಿನ ಚಿತ್ರ ಎತ್ತಿ ಹಿಡಿದಿದ್ದರು. ನೇರ ಪ್ರಸಾರದಲ್ಲಿ ಎತ್ತಿದ್ದು ಪೋಪ್ ಎರಡನೇ ಜಾನ್ ಪಾಲ್ ಅವರ ಚಿತ್ರ. ಅದನ್ನು ಹರಿದರು. ಚಪ್ಪಾಳೆಯ ಸೂಚನಾಫಲಕವನ್ನು ನಿರ್ದೇಶಕರು ಬೆಳಗಿಸಲಿಲ್ಲ. ಸ್ಟುಡಿಯೋದಲ್ಲಿ ಕವಿದ ಆ ಮೌನ ಈಗಲೂ ಕಿವಿಗೆ ಬೀಳುವಂತಿದೆ.

ಒಂದು ಧರ್ಮದ ಗುರುವಿನ ಚಿತ್ರ ಹರಿದದ್ದನ್ನು ಮೆಚ್ಚುವುದು ನಮಗೆ ಸುಲಭವಲ್ಲ. 2005ರಲ್ಲಿ ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರಕಟಿಸಿದ ವ್ಯಂಗ್ಯಚಿತ್ರಗಳಿಂದ ನೊಂದವರು ನಾವು. ಅಂದು ನಮ್ಮ ನೋವನ್ನು ‘ಹಾಸ್ಯಪ್ರಜ್ಞೆ ಇಲ್ಲದವರು’ ಎಂದು ತಳ್ಳಿಹಾಕಿದವರ ಸಾಲಿನಲ್ಲಿ ನಾವೇ ಈಗ ನಿಲ್ಲಬಹುದೆ? ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ. ಡೆನ್ಮಾರ್ಕಿನಲ್ಲಿ ಬಹುಸಂಖ್ಯಾತರ ಪತ್ರಿಕೆ ಅಲ್ಪಸಂಖ್ಯಾತರ ಎದೆಗೆ ಗುರಿಯಿಟ್ಟಿತ್ತು. ಓಕಾನರ್ ಹರಿದದ್ದು ತನ್ನದೇ ಮನೆಯ ಚಿತ್ರವನ್ನು. ತನ್ನನ್ನು ಹೊಡೆದು ಬಡಿದು ಬೆಳೆಸಿದ ತಾಯಿಯ ಕೋಣೆಯ ಗೋಡೆಯಲ್ಲಿದ್ದ ಚಿತ್ರ ಅದು ಎಂದು 2021ರ ಆತ್ಮಕಥೆಯಲ್ಲಿ ಅವರೇ ಬರೆದಿದ್ದಾರೆ. ತಾನು ಹುಟ್ಟಿದ ಚರ್ಚಿನ ಅಧಿಕಾರವನ್ನು, ಅದರ ಆಸರೆಯಲ್ಲಿ ನರಳಿದ ಮಕ್ಕಳ ಪರವಾಗಿ ಅವರು ಪ್ರಶ್ನಿಸಿದರು. ಇಷ್ಟಾದರೂ ಅಂದು ನೊಂದ ಸಾಮಾನ್ಯ ಕ್ಯಾಥೊಲಿಕರ ನೋವು ಸುಳ್ಳೆಂದು ನಾವು ಹೇಳಲಾರೆವು.

ನಮಗೆ ಬೇಸರ ತರಿಸುವುದು ಕಾರ್ಯಕ್ರಮ ನಡೆದುಕೊಂಡ ರೀತಿ. ಮುಂದಿನ ವಾರದ ಅತಿಥಿ, ನಟ ಜೋ ಪೆಶಿ, ಅಂಟಿಸಿ ಸರಿಪಡಿಸಿದ ಪೋಪರ ಚಿತ್ರವನ್ನು ತೋರಿಸಿ, ತಾನಿದ್ದಿದ್ದರೆ ಆಕೆಗೆ ಬಾರಿಸುತ್ತಿದ್ದೆ ಎಂದರು. ಭರ್ಜರಿ ಚಪ್ಪಾಳೆ ಬಿತ್ತು. ಮಕ್ಕಳಿಗೆ ಬಿದ್ದ ಪೆಟ್ಟಿನ ಬಗ್ಗೆ ಮಾತಾಡಿದ ಹೆಣ್ಣಿಗೆ ಪೆಟ್ಟಿನ ಬೆದರಿಕೆ, ಅದೂ ನಗೆಯ ಹೆಸರಲ್ಲಿ! ಮರುಪ್ರಸಾರದಲ್ಲಿ ಓಕಾನರ್ ಭಾಗವನ್ನು ತೆಗೆದು ತಾಲೀಮಿನ ಹಾಡನ್ನು ಹಾಕಿದರು. ಅವರು ಮತ್ತೆ ಆ ವೇದಿಕೆಗೆ ಬರಲಿಲ್ಲ. ಹತ್ತು ವರ್ಷದ ಬಳಿಕ, 2002ರಲ್ಲಿ, ಬಾಸ್ಟನ್ನಿನ ಪಾದ್ರಿಗಳ ಕೃತ್ಯಗಳು ಪತ್ರಿಕೆಯಲ್ಲಿ ಬಯಲಾದವು. 2009ರಲ್ಲಿ ಐರ್ಲೆಂಡಿನ ಆಯೋಗದ ವರದಿ ಬಂತು. 2010ರಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಐರ್ಲೆಂಡಿನ ಕ್ಯಾಥೊಲಿಕರಿಗೆ ಪತ್ರ ಬರೆದು ವಿಷಾದಿಸಿದರು. ಓಕಾನರ್ 2018ರಲ್ಲಿ ಇಸ್ಲಾಂ ಸ್ವೀಕರಿಸಿ ಶುಹದಾ ಎಂಬ ಹೆಸರು ಪಡೆದರು. 2023ರ ಜುಲೈನಲ್ಲಿ ತೀರಿಕೊಂಡರು.

ಅನುಮತಿ ಕೇಳಿ ನಗುವ ಅಭ್ಯಾಸ ಈ ಕಾರ್ಯಕ್ರಮಕ್ಕೆ ಹೊಸದಲ್ಲ. ಅವಳಿ ಗೋಪುರಗಳು ಉರುಳಿದ ಬಳಿಕ, 2001ರ ಸೆಪ್ಟೆಂಬರ್ 29ರಂದು, ನಗರದ ಮೇಯರ್ ಗಿಯುಲಿಯಾನಿಯನ್ನು ವೇದಿಕೆಗೆ ಕರೆಸಿ ‘ನಾವು ತಮಾಷೆ ಮಾಡಬಹುದೆ’ ಎಂದು ಮೈಕೇಲ್ಸ್ ಕೇಳಿದರು. ಇಷ್ಟು ದಿನ ಮಾಡದ್ದನ್ನು ಈಗೇಕೆ ಶುರು ಮಾಡುತ್ತೀರಿ ಎಂಬರ್ಥದ ಉತ್ತರ ಬಂತು. ಶೋಕದ ನಡುವೆ ಅದು ಚಂದದ ಗಳಿಗೆಯೇ. ಡೊನಾಲ್ಡ್ ಟ್ರಂಪ್ ವಿಷಯದಲ್ಲಿ ಆ ಚಂದವೂ ಇಲ್ಲ. ಮೆಕ್ಸಿಕನ್ನರ ಬಗ್ಗೆ ಆಡಿದ ಮಾತಿಗಾಗಿ ಆತನ ಜೊತೆ ವ್ಯವಹಾರ ಕಡಿದುಕೊಳ್ಳುವುದಾಗಿ 2015ರ ಜೂನ್‌ನಲ್ಲಿ ಹೇಳಿದ್ದ ಎನ್‌ಬಿಸಿ, ಅದೇ ನವೆಂಬರ್ 7ರಂದು ಆತನನ್ನೇ ಈ ಕಾರ್ಯಕ್ರಮದ ಅತಿಥಿಯಾಗಿ ಕೂರಿಸಿತು. ಹೊರಗೆ ಪ್ರತಿಭಟನೆ ನಡೆದಿತ್ತು. ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 7ರಂದು, ಮುಸ್ಲಿಮರು ಅಮೆರಿಕಕ್ಕೆ ಬರುವುದನ್ನು ನಿಲ್ಲಿಸಬೇಕೆಂದು ಟ್ರಂಪ್ ಘೋಷಿಸಿದರು. ಮರುವರ್ಷದಿಂದ ಅಲೆಕ್ ಬಾಲ್ಡ್‌ವಿನ್ ಟ್ರಂಪರ ಅಣಕು ಮಾಡಿ 2017ರಲ್ಲಿ ಎಮ್ಮಿ ಪ್ರಶಸ್ತಿ ಪಡೆದರು. ಸೊಟ್ಟ ತುಟಿ, ಕೆದರಿದ ಹುಬ್ಬು, ವಾರಾವಾರ ಅದೇ ಅಣಕು. ಎರಡನೇ ತಿಂಗಳಿಗೇ ನಮಗೆ ಸಾಕಾಗಿತ್ತು.

ಇನ್ನು ನಮ್ಮವರ ಮಾತು. 2015ರ ಫೆಬ್ರವರಿ 28ರಂದು ಕಾರಿನ ಜಾಹೀರಾತೊಂದನ್ನು ಅಣಕಿಸುವ ಪ್ರಹಸನ ಬಂತು. ತಂದೆ ಮಗಳನ್ನು ಬೀಳ್ಕೊಡುತ್ತಾನೆ. ಅವಳನ್ನು ಕರೆದೊಯ್ಯಲು ಬರುವುದು ಐಸಿಸ್ ಬಂದೂಕುಧಾರಿಗಳ ಗಾಡಿ. ಹನ್ನೊಂದು ದಿನಗಳ ಹಿಂದಷ್ಟೇ ಲಂಡನ್ನಿನ ಮೂವರು ಶಾಲಾ ಬಾಲಕಿಯರು ಸಿರಿಯಾದ ದಾರಿ ಹಿಡಿದಿದ್ದರು. ಅವರ ಮನೆಗಳಲ್ಲಿ ಅನ್ನ ಬೇಯದ ದಿನಗಳವು. ಐಸಿಸನ್ನು ಗೇಲಿ ಮಾಡಲಿ, ನಮ್ಮ ಅಡ್ಡಿಯಿಲ್ಲ. ಆ ಪ್ರಹಸನದಲ್ಲಿ ಕಳೆದುಕೊಳ್ಳುವ ತಂದೆ ಅಮೆರಿಕದ ಬಿಳಿಯ, ಮುಸ್ಲಿಮರು ಬಂದೂಕು ಹಿಡಿದವರು ಮಾತ್ರ. ನಿಜವಾಗಿ ಮಕ್ಕಳನ್ನು ಕಳೆದುಕೊಂಡವರು ಚಿತ್ರದಲ್ಲೇ ಇಲ್ಲ.

ಟ್ರಂಪ್ ಅಧಿಕಾರಕ್ಕೆ ಬಂದ ಮರುದಿನ, 2017ರ ಜನವರಿ 21ರಂದು, ತಮಿಳುನಾಡು ಮೂಲದ ಮುಸ್ಲಿಮ್ ದಂಪತಿಯ ಮಗ ಅಜೀಜ್ ಅನ್ಸಾರಿ ಅತಿಥಿಯಾಗಿ ನಿಂತರು. ಪರದೆಯ ಮೇಲೆ ಅರಬ್ಬಿ ಮಾತು ಕೇಳಿದೊಡನೆ ಹಿನ್ನೆಲೆಯಲ್ಲಿ ಭಯದ ಸಂಗೀತ ಏಕೆ ಬರುತ್ತದೆ ಎಂದು ಕೇಳಿದರು. ಜಾರ್ಜ್ ಬುಷ್ ಅವರ ಹಳೆಯ ಭಾಷಣ ನೆನೆದು ಹಂಬಲಿಸುವ ಗತಿ ಬಂತಲ್ಲ ಎಂದರು. ನಾವು ನಕ್ಕೆವು, ಆದರೂ ಅದು ಬುದ್ಧಿವಂತ ಉಪನ್ಯಾಸದ ಹತ್ತಿರವಿತ್ತು.

ರಾಮಿ ಯೂಸುಫ್ ಬಂದದ್ದು 2024ರ ಮಾರ್ಚ್ 30ರಂದು, ರಮಝಾನಿನ ನಡುವೆ. ಈಜಿಪ್ಟ್ ಮೂಲದ ಈ ಯುವಕ, ತನಗಾಗಿ ದುಆ ಮಾಡು ಎನ್ನುವ ಗೆಳೆಯರ ಬಗ್ಗೆ ಹೇಳಿದರು. ಒಬ್ಬನ ಕುಟುಂಬ ಗಾಝಾದಲ್ಲಿದೆ. ಇನ್ನೊಬ್ಬನಿಗೆ ವಿಚ್ಛೇದನದಲ್ಲಿ ಹೆಂಡತಿಯಿಂದ ನಾಯಿ ಸಿಗಬೇಕು. ಹಿಂಸೆ ನಿಲ್ಲಲಿ, ಪ್ಯಾಲೆಸ್ತೀನಿನ ಜನ ಬಿಡುಗಡೆಯಾಗಲಿ, ಒತ್ತೆಯಾಳುಗಳೆಲ್ಲ ಬಿಡುಗಡೆಯಾಗಲಿ ಎಂದು ಬೇಡಿದ ಬಾಯಲ್ಲೇ ಆ ನಾಯಿಯ ಬಿಡುಗಡೆಯನ್ನೂ ಬೇಡಿದರು. ಮೊದಲ ಬೇಡಿಕೆಗೆ ಚಪ್ಪಾಳೆ, ಕೊನೆಯದಕ್ಕೆ ನಗು. ದುಆ ಮಾಡುವವನ ತಲೆಯಲ್ಲಿ ದೊಡ್ಡ ದುಃಖವೂ ಪಕ್ಕದ ಮನೆಯ ಗೋಳೂ ಒಟ್ಟಿಗೇ ಬರುವುದನ್ನು ನಾವೆಲ್ಲ ಬಲ್ಲೆವು. ಬಲ್ಲವನೇ ಅದನ್ನು ಹೇಳಿದ್ದರಿಂದ ನಗು ಯಾರನ್ನೂ ಚುಚ್ಚಲಿಲ್ಲ. ಅದೇ ಸಂಚಿಕೆಯಲ್ಲಿ ರಮಝಾನಿಗೆ ಒಝೆಂಪಿಕ್ ಎಂಬ ಅಣಕು ಜಾಹೀರಾತೂ ಇತ್ತು: ಹಸಿವು ಅಡಗಿಸುವ ಆ ಔಷಧಿ ಚುಚ್ಚಿಸಿಕೊಂಡರೆ ಉಪವಾಸ ಸಲೀಸು! ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ. ಅಲ್ಲಿ ಗೇಲಿಗೆ ಒಳಗಾದದ್ದು ಉಪವಾಸವಲ್ಲ, ಅಡ್ಡದಾರಿ ಹುಡುಕುವ ನಾವು ಎಂಬುದು ನಮ್ಮ ಓದು. ಸಹ್ರಿಯಲ್ಲಿ ಇಡೀ ದಿನದ ಊಟ ಮುಗಿಸುವವರನ್ನು ನಾವು ಕಾಣದವರೆ?

ಹಾಗಿದ್ದೂ ರಾಮಿಯ ಮಾತು ತಾಲೀಮಿನ ಜರಡಿ ದಾಟಿ ಬಂದ ಮಾತು. 1992ರದ್ದು ಹಾಗಲ್ಲ.

2025ರ ಫೆಬ್ರವರಿಯಲ್ಲಿ ಐವತ್ತರ ಸಂಭ್ರಮ ನಡೆಯಿತು. ಕಾಲಕ್ಕೆ ಸಲ್ಲದ ಹಳೆಯ ಪ್ರಹಸನಗಳಿಗೆ, ಜನಾಂಗೀಯ ಗೇಲಿಗಳಿಗೆ ಟಾಮ್ ಹ್ಯಾಂಕ್ಸ್ ನಟನೆಯ ಶ್ರದ್ಧಾಂಜಲಿ ಸಲ್ಲಿಸಿ, ಅಂದು ನಕ್ಕವರು ನೀವೇ ತಾನೆ ಎಂದು ಪ್ರೇಕ್ಷಕರತ್ತ ಬೆರಳು ಮಾಡಿದರು. ಜಾಣ ಮಾತು. ನಕ್ಕವರಲ್ಲಿ ನಾವೂ ಇದ್ದೆವು, ಒಪ್ಪೋಣ. ಬುಧವಾರದ ಮೇಜಿನಲ್ಲಿ ಅವನ್ನು ಆರಿಸಿದವರು ನಾವಲ್ಲ. ಅದಕ್ಕೆ ಎರಡು ದಿನ ಮೊದಲು, ಫೆಬ್ರವರಿ 14ರ ಸಂಗೀತ ಕಛೇರಿಯಲ್ಲಿ ಮೈಲಿ ಸೈರಸ್ ಮತ್ತು ಬ್ರಿಟನಿ ಹೋವರ್ಡ್ ಓಕಾನರ್ ಹಾಡಿ ಜನಪ್ರಿಯಗೊಳಿಸಿದ ‘ನಥಿಂಗ್ ಕಂಪೇರ್ಸ್ ಟು ಯು’ ಹಾಡಿದರು. ಹಾಡಿಕೆ ಚೆನ್ನಾಗಿತ್ತು. ಎಲ್ಲರೂ ಮೆಚ್ಚುವ ಪ್ರೇಮಗೀತೆ ಅದು. ಆ ಶನಿವಾರ ಚಿತ್ರ ಹರಿಯುವ ಮುನ್ನ ಅವರು ಹಾಡಿದ ಹಾಡು ಬೇರೆ.