ನವರಂಗದಲ್ಲಿ ಮೂರು ಎಕ್ಸ್‌ಪೋಷರ್

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ನಿಂತು ಬಾಗಿಲ ಕಡೆ ಕ್ಯಾಮೆರಾ ಹಿಡಿದರೆ ಅದರ ಇತಿಮಿತಿ ತಕ್ಷಣ ಗೊತ್ತಾಗುತ್ತದೆ. ಕಂಬದ ಕುಸುರಿ ಕಾಣಬೇಕೆಂದರೆ ಹೊರಗಿನ ಅಂಗಳ ಬೆಳ್ಳಗೆ ಸುಟ್ಟುಹೋಗುತ್ತದೆ. ಅಂಗಳ ಉಳಿಸಿಕೊಂಡರೆ ಕಂಬಗಳು ಮಸಿ. ಒಂದೇ ಚಿತ್ರದಲ್ಲಿ ಸೆನ್ಸರ್ ವಿವರ ಹಿಡಿಯಬಲ್ಲ ಕತ್ತಲು-ಬೆಳಕಿನ ಅಂತರವೇ ಡೈನಾಮಿಕ್ ರೇಂಜ್. ಅದರ ಅಳತೆ ಸ್ಟಾಪ್‌ಗಳಲ್ಲಿ. ಒಂದೊಂದು ಸ್ಟಾಪ್‌ಗೂ ಬೆಳಕು ಇಮ್ಮಡಿ, ಹಾಗಾಗಿ 10 ಸ್ಟಾಪ್ ಅಂದರೆ 1,024 ಪಟ್ಟು.

ಎಚ್‌ಡಿಆರ್‌ನ (ಹೈ ಡೈನಾಮಿಕ್ ರೇಂಜ್ ತಂತ್ರದ) ಜಾಣತನ ನನಗೆ ಹಿಡಿಸುವುದು ಇಲ್ಲೇ. ಮೈನಸ್ 2, ಸೊನ್ನೆ, ಪ್ಲಸ್ 2 ಸ್ಟಾಪ್ ಎಂದು ಮೂರು ಎಕ್ಸ್‌ಪೋಷರ್ ತೆಗೆದು, ಒಂದರಿಂದ ಬಿಸಿಲನ್ನೂ ಇನ್ನೊಂದರಿಂದ ನೆರಳನ್ನೂ ಆಯ್ದು ಹೊಂದಿಸುತ್ತದೆ. ಉಪಾಯವೇನೋ ಹಳೆಯದು: 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮುದ್ರಿಸಿದ್ದರು.

ಈ ಮೂರು ಎಕ್ಸ್‌ಪೋಷರ್ ತೆಗೆಯುವಾಗ ಅಪರ್ಚರ್ ಹಾಗೇ ಇರಲಿ, ಷಟರ್ ವೇಗವಷ್ಟೇ ಬದಲಾಗಲಿ. ಕ್ಯಾಮೆರಾ ಅಲುಗಬಾರದು, ಆದರೆ ಇಂಥ ಕಡೆ ಟ್ರೈಪಾಡ್‌ಗೆ ಅನುಮತಿ ಪಡೆಯುವುದೇ ಬೇರೆ ಕಥೆ. ನಡುವೆ ಯಾರಾದರೂ ಹಾದುಹೋದರೆ ಒಬ್ಬರದೇ ಎರಡು ಮೂರು ಭೂತ!

ಎಚ್‌ಡಿಆರ್ ಪ್ರಮಾಣವನ್ನು ನಾನು ಕಡಿಮೆಯಲ್ಲೇ ಇಡುತ್ತೇನೆ. ಏರಿಸಿದಷ್ಟೂ ನೆರಳು ಬೂದಿಬಣ್ಣಕ್ಕೆ ತಿರುಗುತ್ತದೆ, ಕಲ್ಲು ಪ್ಲಾಸ್ಟಿಕ್‌ನಂತೆ ಹೊಳೆಯುತ್ತದೆ. ನೆರಳೇ ಇಲ್ಲದ ಮೇಲೆ ಆ ಕಂಬಗಳ ದುಂಡು ಕಣ್ಣಿಗೆ ಸಿಗುವುದಾದರೂ ಹೇಗೆ?