ತೊಗಲುಗೊಂಬೆ: ನೆರಳೋ, ಬಣ್ಣವೋ?

ಜಾವಾ ದ್ವೀಪದ ವಾಯಾಂಗ್ ಕುಲಿತ್ ಮತ್ತು ಕರ್ಣಾಟಕದ ತೊಗಲುಗೊಂಬೆಯಾಟ, ಇವೆರಡನ್ನೂ ‘ಛಾಯಾನಾಟಕ’ವೆಂಬ ಒಂದೇ ಹೆಸರಿನಿಂದ ಕರೆದು, ಮೊದಲನೆಯದರ ಮೂಲವನ್ನು ನಮ್ಮ ನಾಡಿನಲ್ಲಿ ಅರಸುವವರುಂಟು. ಕರಾವಳಿಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ವಾದವು ಸುಲಭವಾಗಿ ರುಚಿಸುತ್ತದೆ. ಕಾಳೀನದಿಯು ಕಡಲನ್ನು ಕೂಡುವೆಡೆಯಲ್ಲಿ, ಪೋರ್ತುಗೀಜರು ಚಿಂತಾಕೋರವೆಂದು ಬರೆದ ಚಿತ್ತಾಕುಲದ ಬಂದರಿತ್ತು. ಆದರೆ ಬಂದರು ಇದ್ದುದು ಬೊಂಬೆ ಹೋದುದಕ್ಕೆ ಪ್ರಮಾಣವಾಗದು. ಕ್ರಿ.ಶ. 907ರ ಜಾವಾದ ಶಾಸನವೊಂದರಲ್ಲಿ ವಾಯಾಂಗ್ ಆಡಿದ ಉಲ್ಲೇಖವಿದೆ. ಅದು ಆಟದ ಪ್ರಾಚೀನತೆಯನ್ನು ತಿಳಿಸುವುದೇ ಹೊರತು ಅದು ಬಂದ ದಾರಿಯನ್ನಲ್ಲ. ಆದುದರಿಂದ ನಾವು ವಂಶಾವಳಿಯನ್ನು ಬದಿಗಿರಿಸಿ ತೊಗಲನ್ನೇ ಪರೀಕ್ಷಿಸುವುದು ಲೇಸು.

ಜಾವಾದ ಬೊಂಬೆ ಎಮ್ಮೆಯ ಚರ್ಮದ್ದು. ದಪ್ಪವಾದ ಆ ಚರ್ಮದ ಮೂಲಕ ಬೆಳಕು ಹಾಯುವುದಿಲ್ಲ. ಉಳಿಯಿಂದ ಕೊರೆದ ಸೂಕ್ಷ್ಮ ರಂಧ್ರಗಳ ಮೂಲಕವೇ ಅದು ಹೊರಬರಬೇಕು. ಹೀಗೆ ತೆರೆಯ ಮೇಲೆ ಕಪ್ಪು ನೆರಳೂ ಅದರೊಳಗೆ ಬೆಳಕಿನ ಕುಸುರಿಯೂ ಮೂಡುತ್ತವೆ. ಆದರೂ ಬೊಂಬೆಗೆ ಬಣ್ಣವನ್ನೂ ಚಿನ್ನದ ಲೇಪವನ್ನೂ ಕೊಡುತ್ತಾರೆ. ಏಕೆಂದರೆ ಆಡಿಸುವ ದಾಲಂಗನ ಬದಿಯಲ್ಲಿಯೂ ಪ್ರೇಕ್ಷಕರು ಕುಳಿತಿರುತ್ತಾರೆ. ಭುಜ ಮತ್ತು ಮೊಣಕೈಗಳಲ್ಲಿ ಕೀಲುಗಳಿರುವುದರಿಂದ ಭಾವವು ಮುಖ್ಯವಾಗಿ ಕೈಯ ಚಲನೆಯಲ್ಲಿ ವ್ಯಕ್ತವಾಗುತ್ತದೆ.

ನಮ್ಮ ಕಿಳ್ಳೇಕ್ಯಾತರು ಆಡಿನ ಇಲ್ಲವೆ ಜಿಂಕೆಯ ತೊಗಲನ್ನು ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡುತ್ತಿದ್ದರು. ಇಲ್ಲಿಯೂ ಆಭರಣಗಳಿಗಾಗಿ ರಂಧ್ರಗಳುಂಟು. ಆದರೆ ತೆರೆಯ ಮೇಲೆ ಬೀಳುವುದು ಕಪ್ಪು ನೆರಳಲ್ಲ, ಬಣ್ಣಗೊಂಡ ಬೆಳಕು. ರಥ, ಕುದುರೆ, ಸಾರಥಿಗಳೆಲ್ಲ ಒಂದೇ ತೊಗಲಿನಲ್ಲಿರುವ ದೊಡ್ಡ ಬೊಂಬೆಗಳು ಚಲಿಸುವುದಕ್ಕಿಂತ ದರ್ಶನ ಕೊಡುವುದಕ್ಕಾಗಿಯೇ ಇವೆ. ನಮ್ಮವರು ಈ ಆಟವನ್ನು ನೆರಳಿನ ಹೆಸರಿನಿಂದ ಕರೆಯದೆ ತೊಗಲಿನ ಹೆಸರಿನಿಂದ ಕರೆದುದು ಉಚಿತವಾಗಿದೆ.

ಅರ್ಥದಲ್ಲಿ ಮಾತ್ರ ಎರಡೂ ಸಮೀಪಕ್ಕೆ ಬರುತ್ತವೆ. ಜಾವಾದ ಸೆಮಾರನು ಸೇವಕನ ವೇಷದ ದೇವತೆ. ಪಾಂಡವರಿಗೂ ಬುದ್ಧಿ ಹೇಳಬಲ್ಲವನು. ನಮ್ಮ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ದೇವತೆಗಳಲ್ಲ. ಊರಿನ ಒರಟು ಮಾತಿನಲ್ಲೇ ಪುರಾಣವನ್ನು ಮನೆಯಂಗಳಕ್ಕೆ ಎಳೆತರುವವರು. ಮಹಾಕಾವ್ಯವು ಜನರದಾಗುವುದು ಎರಡೆಡೆಯಲ್ಲಿಯೂ ಹಾಸ್ಯಗಾರನ ಬಾಯಿಂದಲೇ.

ಈ ವಿವೇಚನೆಗೆ ಪ್ರಾಯೋಗಿಕ ಪ್ರಯೋಜನವೂ ಇದೆ. ಯುನೆಸ್ಕೋ ಸಂಸ್ಥೆಯು 2003ರಲ್ಲಿ ವಾಯಾಂಗಿಗೆ ಮನ್ನಣೆಯಿತ್ತಿತು. ನಮ್ಮಲ್ಲಿ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಮನ್ನಣೆಯ ಹಿಂದೆಯೇ ಸಂಗ್ರಹದ ಆಸೆಯೂ ಬರುತ್ತದೆ. ಗೋಡೆಗೆ ತೂಗುಹಾಕಿ ಎದುರಿನಿಂದ ಬೆಳಕು ಬಿಟ್ಟರೆ ಜಾವಾದ ಬೊಂಬೆ ತನ್ನ ಅರ್ಧ ಸೊಗಸನ್ನಾದರೂ ಉಳಿಸಿಕೊಂಡೀತು. ನಮ್ಮ ಬೊಂಬೆ ಕಂದಿದ ತೊಗಲಾಗಿ ಕಾಣುವುದು. ಅದನ್ನು ವಿದ್ಯಾರ್ಥಿಗಳಿಗೆ ತೋರಿಸುವವರು ಹಿಂದೊಂದು ದೀಪವನ್ನೂ ಮುಂದೊಂದು ಬಿಳಿಯ ತೆರೆಯನ್ನೂ ಒದಗಿಸತಕ್ಕದ್ದು. ಆಡಿಸಬಲ್ಲವರನ್ನು ಕರೆಸಿದರೆ ಇನ್ನೂ ಉತ್ತಮ. ಕಲೆಯ ಮೂಲವನ್ನು ಕುರಿತ ಅಭಿಮಾನಕ್ಕಿಂತ ಅದರ ಕಸುಬಿನ ತಿಳಿವಳಿಕೆಯೇ ಅದನ್ನು ಉಳಿಸಲು ಹೆಚ್ಚು ನೆರವಾಗುವುದೆಂದು ನಾವು ಭಾವಿಸುತ್ತೇವೆ.