ನಿಂತ ದೇಹದ ಲೆಕ್ಕ, ನಡೆವ ದೇಹದ ಬಾಕಿ

ಬಿ.ಪಿ.ಎಡ್ ತರಗತಿಯಿರಲಿ, ಫಿಸಿಯೋಥೆರಪಿ ಕಾಲೇಜಿರಲಿ, ಬಯೋಮೆಕಾನಿಕ್ಸ್‌ನ ಮೊದಲ ಪಾಠಗಳಲ್ಲಿ ಸನ್ನೆಕೋಲು ಬಂದೇ ಬರುತ್ತದೆ. ಮೂಳೆಯೇ ದಂಡ, ಕೀಲೇ ಆನಿಕೆ, ಸ್ನಾಯು ಎಳೆಯುವುದೇ ಬಲ. ಈ ಚಿತ್ರವನ್ನು ರೇಖಾಗಣಿತದ ಬಿಗಿಯಲ್ಲಿ ಕಟ್ಟಿಕೊಟ್ಟ ಗ್ರಂಥ ಇಟಲಿಯ ಜೊವಾನ್ನಿ ಅಲ್ಫೊನ್ಸೊ ಬೊರೆಲ್ಲಿಯ ‘ದೆ ಮೋತು ಅನಿಮಾಲಿಯುಂ’. ಪ್ರಾಣಿಗಳ ಚಲನೆ ಕುರಿತ ಈ ಲ್ಯಾಟಿನ್ ಕೃತಿ ಬೊರೆಲ್ಲಿ ತೀರಿಕೊಂಡ ಮೇಲೆ, 1680–81ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಇಂದಿನ ಪಾಠದ ಸತ್ವವೂ ಕೊರತೆಯೂ ಅದರಲ್ಲೇ ಕಾಣಸಿಗುತ್ತವೆ.

ಸತ್ವ ಸಣ್ಣದಲ್ಲ. ದೇಹ ಅಲ್ಪ ಬಲದಿಂದಲೇ ದೊಡ್ಡ ಭಾರ ಎತ್ತುತ್ತದೆ ಎಂಬ ಹಳೆಯ ನಂಬಿಕೆಯನ್ನು ಬೊರೆಲ್ಲಿ ತಲೆಕೆಳಗು ಮಾಡಿದ. ಮೊಣಕೈಯನ್ನು ಲಂಬಕೋನಕ್ಕೆ ಮಡಿಸಿ, ಅಂಗೈಯಲ್ಲಿ 5 ಕೆಜಿ ಅಕ್ಕಿ ಚೀಲ ಹಿಡಿದಿದ್ದೇವೆ ಎನ್ನಿ. ಚೀಲ ಕೀಲಿನಿಂದ ಸುಮಾರು 35 ಸೆಂ.ಮೀ. ದೂರದಲ್ಲಿದ್ದರೆ, ತೋಳಿನ ಮುಂಭಾಗದ ಸ್ನಾಯು ಎಳೆಯುವುದು ಬರೀ 4 ಸೆಂ.ಮೀ. ದೂರದಿಂದ. ಕೈಯ ಸ್ವಂತ ತೂಕ ಬಿಟ್ಟರೂ ಆ ಸ್ನಾಯು ಹೊರಬೇಕಾದದ್ದು ಸುಮಾರು 44 ಕೆಜಿಯಷ್ಟು. ಬಲದಲ್ಲಿ ಆದ ಈ ನಷ್ಟವನ್ನು ದೇಹ ವೇಗದಲ್ಲಿ ತುಂಬಿಕೊಳ್ಳುತ್ತದೆ: ಸ್ನಾಯು 1 ಸೆಂ.ಮೀ. ಕುಗ್ಗಿದರೆ ಅಂಗೈ 9 ಸೆಂ.ಮೀ. ಹತ್ತಿರ ಸರಿಯುತ್ತದೆ. ಕಲ್ಲು ಬೀಸುವುದು, ಚೆಂಡು ಎಸೆಯುವುದು ಸಾಧ್ಯವಾದದ್ದು ಈ ವ್ಯವಹಾರದಿಂದ.

ಪುಸ್ತಕದಲ್ಲಿ ತಪ್ಪುಗಳೂ ಇವೆ. ನರಗಳಿಂದ ಬಂದ ರಸ ರಕ್ತದೊಂದಿಗೆ ಬೆರೆತು ಕುದಿದು, ಸ್ನಾಯು ಉಬ್ಬಿ ಕುಗ್ಗುತ್ತದೆ ಎಂದು ಬೊರೆಲ್ಲಿ ನಂಬಿದ್ದ. ಸ್ನಾಯು ಕುಗ್ಗುವಾಗ ಅದರ ಗಾತ್ರ ಹೆಚ್ಚುವುದಿಲ್ಲ ಎಂಬುದನ್ನು ಅದೇ ಕಾಲದ ಯಾನ್ ಸ್ವಾಮರ್ಡಾಮ್ ಕಪ್ಪೆಯ ಸ್ನಾಯುವಿನಲ್ಲಿ ತೋರಿಸಿದ್ದ. ರಸಾಯನಶಾಸ್ತ್ರ ಇನ್ನೂ ಕಣ್ಣು ಬಿಡದ ಕಾಲದ ಈ ತಪ್ಪನ್ನು ಮನ್ನಿಸಬಹುದು.

ಮನ್ನಿಸಲಾಗದ್ದು ಬೇರೆ, ಅದೂ ಬೊರೆಲ್ಲಿಯದಲ್ಲ, ನಮ್ಮದು: ಅವನ ಲೆಕ್ಕವನ್ನೇ ಚಲನೆಯ ಪೂರ್ತಿ ಪಾಠ ಎಂದುಕೊಂಡದ್ದು. ಚಲನೆಯ ಈ ಪುಸ್ತಕ ಬಹುಮಟ್ಟಿಗೆ ಅಳೆದದ್ದು ಸಮತೋಲವನ್ನು. ನ್ಯೂಟನ್ನನ ಚಲನೆಯ ನಿಯಮಗಳು ಅಚ್ಚಾದದ್ದು 1687ರಲ್ಲಿ. ಬೊರೆಲ್ಲಿಗೆ ಅವು ಸಿಗಲಿಲ್ಲ. ಮನುಷ್ಯನ ಗುರುತ್ವ ಕೇಂದ್ರ ಹುಡುಕಲು ಆತ ಒಬ್ಬನನ್ನು ಹಲಗೆಯ ಮೇಲೆ ಉದ್ದಕ್ಕೆ ಮಲಗಿಸಿ, ಹಲಗೆಯನ್ನು ಚೂಪು ಅಂಚಿನ ಮೇಲಿಟ್ಟು ತೂಗಿದ. ಜಾಣ ಉಪಾಯ, ಆದರೆ ಮಲಗಿದವನ ಲೆಕ್ಕ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗಾಗಿ ಎತ್ತರ ಜಿಗಿದ ಪಟ್ಟನ್ನು ನೋಡಿ: ಹಾಗೆ ಬಾಗಿದ ದೇಹ ಪಟ್ಟಿಯನ್ನು ದಾಟುತ್ತಿರುವಾಗಲೂ ಅದರ ಗುರುತ್ವ ಕೇಂದ್ರ ಪಟ್ಟಿಯ ಕೆಳಗೇ ಸಾಗಬಹುದು. ಭಂಗಿ ಬದಲಾದಂತೆ ಕೇಂದ್ರ ಮೈಯ ಹೊರಗೂ ಹೋಗುತ್ತದೆ.

ಓಟಕ್ಕೆ ಬಂದರೆ ಸನ್ನೆಕೋಲಿನ ಚಿತ್ರ ಇನ್ನಷ್ಟು ಕುಂಟುತ್ತದೆ. ಪಾದ ನೆಲಕ್ಕೆ ಬಿದ್ದಾಗ ನೆಲ ಮೈತೂಕದ ಎರಡು-ಮೂರು ಪಟ್ಟು ಬಲದಿಂದ ಮರಳಿ ಒತ್ತುತ್ತದೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹಿಗ್ಗಿ ಶಕ್ತಿ ಹಿಡಿದಿಟ್ಟುಕೊಂಡು, ಪಾದ ನೆಲ ಬಿಡುವಾಗ ಅದರಲ್ಲಿ ಬಹುಪಾಲನ್ನು ವಾಪಸು ಕೊಡುತ್ತದೆ. ಪಠ್ಯದ ದಂಡ ಬಾಗುವುದೂ ಇಲ್ಲ, ಹಿಗ್ಗುವುದೂ ಇಲ್ಲ. 1920ರ ದಶಕದಲ್ಲಿ ಮಾಸ್ಕೋದಲ್ಲಿ ನಿಕೊಲಾಯ್ ಬರ್ನ್‌ಸ್ಟೈನ್ ಸುತ್ತಿಗೆ ಹೊಡೆಯುವ ಕುಶಲ ಕೆಲಸಗಾರರ ಚಲನೆಯನ್ನು ಚಿತ್ರೀಕರಿಸಿ ಕಂಡದ್ದಂತೂ ಪಾಠದ ಬುಡವನ್ನೇ ಅಲ್ಲಾಡಿಸುವಂಥದ್ದು: ಸುತ್ತಿಗೆ ಗುರಿ ತಪ್ಪುವುದಿಲ್ಲ, ಆದರೆ ಭುಜ, ಮೊಣಕೈ, ಮಣಿಕಟ್ಟು ಪ್ರತಿ ಏಟಿಗೂ ಬೇರೆ ದಾರಿ ಹಿಡಿಯುತ್ತವೆ. ಹಾಗಿದ್ದರೆ ‘ಸರಿಯಾದ ಭಂಗಿ’ ಒಂದೇ ಎಂದು ಮಕ್ಕಳ ಕೈಕಾಲು ಹಿಡಿದು ತಿದ್ದುವ ತರಬೇತಿಗೆ ಆಧಾರ ಏನು?

ಬೊರೆಲ್ಲಿಯನ್ನು ಪಾಠದಿಂದ ತೆಗೆಯಬೇಕು ಎಂದಲ್ಲ. ಸೊಂಟನೋವಿನವರು ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತಬೇಕೇಕೆ ಎಂಬುದನ್ನು ಇವತ್ತಿಗೂ ಅವನ ಲೆಕ್ಕದಷ್ಟು ಸ್ಪಷ್ಟವಾಗಿ ವಿವರಿಸುವುದು ಕಷ್ಟ. ತಕರಾರು ಇರುವುದು ಮೂರು ವರ್ಗದ ಸನ್ನೆಕೋಲುಗಳನ್ನು ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಚಿತ್ರ ಬರೆಸಿ, ಅಲ್ಲಿಗೆ ಚಲನೆ ಅರ್ಥವಾಯಿತು ಎನ್ನುವ ಪದ್ಧತಿಯ ಬಗ್ಗೆ. ಈಗ ವಿದ್ಯಾರ್ಥಿಯ ಜೇಬಿನ ಮೊಬೈಲಿನಲ್ಲೇ ನಿಧಾನಗತಿಯ ವಿಡಿಯೊ ಇದೆ. ಗೆಳೆಯನ ಹತ್ತು ಎಸೆತ ಚಿತ್ರೀಕರಿಸಿ, ಮೊಣಕೈ ಕೋನ ಅಳೆದು, ಎಲ್ಲಿ ಒಂದೇ ಬಗೆ, ಎಲ್ಲಿ ಬೇರೆ ಎಂದು ಬರೆಸುವುದು ಒಂದು ಮಧ್ಯಾಹ್ನದ ಕೆಲಸ. ಸನ್ನೆಕೋಲಿನ ಚಿತ್ರ ಆಮೇಲೆ ಬರೆಸಿದರೆ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಅವರಿಗೇ ತಿಳಿಯುತ್ತದೆ.